ಕಾಲಂ ಇಲ್ಲದ ಮಾತು

ಯಾರ ಮನೆಗೆ ಊಟಕ್ಕೆ ಹೋದರೂ ನನ್ನ ಕೈ ಮೊದಲು ಹೋಗುವುದು ಉಪ್ಪಿನಕಾಯಿಗಲ್ಲ, ಉಪ್ಪಿನಕಾಯಿ ಬಾಟಲಿಯ ಮುಚ್ಚಳಕ್ಕೆ. ಅದನ್ನೊಂದು ಸುತ್ತು ತಿರುಗಿಸಿ, ಅಂಚಿನ ಮೇಲೆ ಉಗುರಾಡಿಸಿ, ಒಳಗಿನ ಸುರುಳಿ ಎಲ್ಲಾದರೂ ಹರಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ನನಗೆ ಅನ್ನ ಕಲಸಿಕೊಳ್ಳುವ ಮನಸ್ಸಾಗುವುದು. ಅಷ್ಟರಲ್ಲಿ ಮಗಳು ಅನಘಾ ಮೇಜಿನ ಕೆಳಗೆ ನನ್ನ ಕಾಲು ತುಳಿದು, "ಅಮ್ಮಾ, ಪ್ಲೀಸ್, ನಾಟ್ ಹಿಯರ್" ಎಂದಿರುತ್ತಾಳೆ. ಅವಳ ನಾಚಿಕೆ ನನಗೆ ಅರ್ಥವಾಗುತ್ತದೆ. ಆದರೆ ಹದಿನಾರು ವರ್ಷ ಮುಚ್ಚಳಗಳನ್ನು ನೋಡಿಯೇ ಅನ್ನ ತಿಂದವಳ ಬೆರಳುಗಳು ಭಾನುವಾರವೆಂದು ಸುಮ್ಮನಿರುವುದಿಲ್ಲ, ಗೆಳೆಯರೇ.

ನನ್ನ ಉದ್ಯೋಗವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ನಾನು ಊರೂರು ತಿರುಗಿ ತಪ್ಪು ಹುಡುಕುವವಳು. ಅಮೆರಿಕದ ಪ್ರಿನ್ಸ್‌ಟನ್ನಿನ ಔಷಧ ಕಂಪನಿಯೊಂದರಲ್ಲಿ ಗುಣಮಟ್ಟದ ಪರೀಕ್ಷಕಿ. ಹ್ಯಾರಿಸನ್ನಿನ ನಮ್ಮ ಅಪಾರ್ಟ್‌ಮೆಂಟಿನಿಂದ ನಡೆದು ಸ್ಟೇಷನ್ನಿಗೆ, ಅಲ್ಲಿಂದ ನ್ಯೂಅರ್ಕ್, ನ್ಯೂಅರ್ಕಿನಲ್ಲಿ ಇನ್ನೊಂದು ರೈಲು; ಆಫೀಸು ತಲುಪುವುದರೊಳಗೇ ಅರ್ಧ ಆಯುಷ್ಯ ಕಳೆದಂತಾಗಿರುತ್ತದೆ. ಮಿಕ್ಕ ಅರ್ಧ ವಿಮಾನಗಳಲ್ಲಿ. ನಮ್ಮ ಸಿರಪ್ಪುಗಳಿಗೆ ಶೀಶೆ ಎರಕ ಹೊಯ್ಯುವವರು, ಚೀಟಿ ಅಚ್ಚು ಹಾಕುವವರು, ಮುಚ್ಚಳ ಮಾಡುವವರು ಮೆಕ್ಸಿಕೋ, ಪೆರು, ಕೊಲಂಬಿಯಾ, ಅರ್ಜೆಂಟೀನಾಗಳಲ್ಲಿ ಚದುರಿಹೋಗಿದ್ದಾರೆ. ವರ್ಷಕ್ಕೊಮ್ಮೆ ಅವರ ಬಾಗಿಲಲ್ಲಿ ನಾನು ಹಾಜರು. ಮಧುಮಗಳನ್ನು ನೋಡಲು ಬಂದ ಬೀಗರ ಕಡೆಯವಳಂತೆ ನನಗೆ ಉಪಚಾರ ನಡೆಯುತ್ತದೆ. ನಾನೋ ಮಧುಮಗಳ ಹಲ್ಲು ಎಣಿಸುತ್ತಿರುತ್ತೇನೆ.

ಮೊದಮೊದಲು ಹುರುಪಿತ್ತು. ಹೊಸ ದೇಶವೆಂದರೆ ಹೊಸ ಸೀರೆಯ ಮಡಿಕೆ ಬಿಚ್ಚಿದಂತೆ ಅನ್ನಿಸುತ್ತಿತ್ತು. ಆಮೇಲಾಮೇಲೆ ಎಲ್ಲ ಹೋಟೆಲಿನ ದಿಂಬುಗಳೂ ಒಂದೇ ಆದವು, ಕುತ್ತಿಗೆಯ ನೋವೂ ಒಂದೇ ಆಯಿತು. ಆದರೂ ಕೆಲವು ನೋಟಗಳು ದಣಿವಿನ ಅರಿವೆಯನ್ನು ತೂರಿಕೊಂಡು ಒಳಗಿಳಿದಿವೆ. ಬ್ಯೂನಸ್ ಐರಿಸ್ಸಿನಲ್ಲಿ ಒಬ್ಬ ಹೋಟೆಲ್ ಮಾಣಿ ತಿಂಡಿಪಟ್ಟಿಯ ಮೇಲೆ ಹೊಸ ಬೆಲೆಯ ಚೀಟಿ ಅಂಟಿಸುತ್ತಿದ್ದ. ಅದರ ಕೆಳಗೆ ಹಳೆಯ ಚೀಟಿ, ಅದರ ಕೆಳಗೆ ಇನ್ನೂ ಹಳೆಯದು. ಹಪ್ಪಳದಂತೆ ಉಬ್ಬಿದ್ದ ಆ ಪಟ್ಟಿಯನ್ನು ಅವನು ಬೇಸರವಿಲ್ಲದೆ ಒತ್ತುತ್ತಿದ್ದ. ಲಿಮಾದ ಅಂಚಿನ ಬಡಾವಣೆಗಳಲ್ಲಿ ಮನೆಗಳ ತಲೆಯ ಮೇಲೆಲ್ಲ ಕಬ್ಬಿಣದ ಸರಳುಗಳು ಆಕಾಶಕ್ಕೆ ಮೊಗವೆತ್ತಿ ನಿಂತಿದ್ದವು. ಇಂದು ಕೆಳಗಿನ ಮಹಡಿ, ಮಗ ದೊಡ್ಡವನಾದ ಮೇಲೆ ಮೇಲಿನದು. ನನ್ನ ಜೊತೆಗಿದ್ದ ಅಮೆರಿಕದ ಸಹೋದ್ಯೋಗಿಗೆ ಅವು ಅರ್ಧಕ್ಕೆ ನಿಂತ ಮನೆಗಳು. ನನಗೆ ಅವು ದಾವಣಗೆರೆಯ ನಮ್ಮ ಓಣಿಯ ಮನೆಗಳು. ನಮ್ಮ ಮನೆಯ ಸರಳುಗಳಿಗೂ ನನ್ನ ಅವ್ವ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದಳು.

ಪ್ರಿನ್ಸ್‌ಟನ್ನಿನ ಮೀಟಿಂಗ್ ರೂಮಿನ ಪರದೆಯ ಮೇಲೆ ಈ ದೇಶಗಳೆಲ್ಲ ಸೇರಿ ಒಂದೇ ಕಿತ್ತಳೆ ಬಣ್ಣದ ಪಟ್ಟಿ. ಆ ಪಟ್ಟಿಯವರು ನಿಧಾನದವರು, ಎಲ್ಲಕ್ಕೂ 'ಮನ್ಯಾನಾ', ಅಂದರೆ 'ನಾಳೆ', ಎನ್ನುವವರು ಎಂದು ನಗುವುದುಂಟು. ನಾನೂ ನಕ್ಕಿದ್ದೇನೆ. ದೆವ್ವ ಬಂದರೂ ಓದಿಕೊಂಡು ಹಿಂತಿರುಗಲಿ ಎಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿಟ್ಟ ಜನರ ನಡುವೆ ಬೆಳೆದವಳು ನಾನು. ನಾಳೆ ಎಂಬುದು ಸೋಮಾರಿತನದ ಮಾತಲ್ಲ, ಇವತ್ತು ಬಾಗಿಲು ಬಡಿಯುತ್ತಿರುವ ಬಲಶಾಲಿಯನ್ನು ನಯವಾಗಿ ಸಾಗಹಾಕುವ ಉಪಾಯ ಎಂದು ನನಗಾದರೂ ಹೊಳೆಯಬೇಕಿತ್ತು. ಹೊಳೆಯಲು ಮಾರ್ತಾ ಬೇಕಾಯಿತು.

ಮಾರ್ತಾ ಕೊಲಂಬಿಯಾದ ಬೆಟ್ಟಸೀಮೆಯ ಒಂದು ಪುಟ್ಟ ಊರಿನ ಮುಚ್ಚಳದ ಕಾರ್ಖಾನೆಯಲ್ಲಿ ಗುಣಮಟ್ಟದ ಮೇಲ್ವಿಚಾರಕಿ. ಮಕ್ಕಳು ತೆರೆಯಲಾಗದಂತೆ, ಒತ್ತಿ ತಿರುಗಿಸಿದರೆ ಮಾತ್ರ ಬಿಚ್ಚುವ ಮುಚ್ಚಳಗಳು ಅಲ್ಲಿ ತಯಾರಾಗುತ್ತಿದ್ದವು. ಮೊದಲ ಸಲ ಹೋದಾಗ ಅವಳಿಗೆ ಐವತ್ತು ದಾಟಿತ್ತು, ನನಗೆ ನಲವತ್ತು. ಬಿಳಿ ಕೋಟು, ಕಿವಿಯ ಹಿಂದೆ ಪೆನ್ನು, ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಆ ಸೀಮೆಯಲ್ಲಿ ಓದಿದವರನ್ನೆಲ್ಲ 'ದೊತೋರಾ' ಎನ್ನುತ್ತಾರೆ, ಡಾಕ್ಟರಮ್ಮ ಎಂದ ಹಾಗೆ. ಅವಳೂ ದೊತೋರಾ ಎಂದಳು; ಆದರೆ ಅವಳ ಬಾಯಲ್ಲಿ ಅದು ಮರ್ಯಾದೆಯಂತೆ ಕೇಳದೆ, ಅಂತರ ಕಾಯುವ ಕೋಲಿನಂತೆ ಕೇಳಿಸಿತು. ಆ ಬೆಟ್ಟದವರು ಗಂಡಹೆಂಡಿರೂ ಒಬ್ಬರಿಗೊಬ್ಬರು ಬಹುವಚನದಲ್ಲೇ ಮಾತಾಡುತ್ತಾರೆ, ಬೀದಿಯ ನಾಯಿಯನ್ನೂ 'ಆಚೆ ಹೋಗಿ' ಎಂದು ಗದರುತ್ತಾರೆ ಎಂದು ಗೊತ್ತಾದದ್ದು ಆಮೇಲೆ.

ಮಧ್ಯಾಹ್ನ ಹನ್ನೆರಡಕ್ಕೆ ಯಂತ್ರಗಳು ನಿಂತವು. ನಾನು ಚೀಲದಿಂದ ಬಿಸ್ಕತ್ತು ತೆಗೆದು ಕಾಗದಗಳ ಮುಂದೆಯೇ ಕುಳಿತೆ. ಮಾರ್ತಾ ಬಂದು ನನ್ನ ಫೈಲು ಮುಚ್ಚಿಬಿಟ್ಟಳು. ಕೆಲಸದ ಮೇಜಿನ ಮೇಲೆ ತಿನ್ನುವುದು ಬಡತನದ ಲಕ್ಷಣ, ನಮ್ಮಲ್ಲಿ ಯಾರೂ ಅಷ್ಟು ಬಡವರಿಲ್ಲ ಎಂದು ಅವಳು ಹೇಳಿದ್ದನ್ನು ಫೋನಿನ ಆ್ಯಪ್ ನನಗೆ ಇಂಗ್ಲಿಷಿನಲ್ಲಿ ಓದಿ ಹೇಳಿತು. ಒಳಗೆ ಉದ್ದನೆಯ ಹಲಗೆಯ ಮುಂದೆ ಮಾಲೀಕನಿಂದ ಕಸ ಗುಡಿಸುವವನವರೆಗೆ ಎಲ್ಲರೂ ಕುಳಿತಿದ್ದರು. ನಾನು ಮಾಂಸ ತಿನ್ನುವುದಿಲ್ಲ ಎಂದಾಗ ತುಂಬ ಅನುಕಂಪದಿಂದ ಕೋಳಿ ಬಡಿಸಿದರು. ಅದೂ ಆಗದೆಂದು ತಿಳಿದ ಮೇಲೆ ಮಾರ್ತಾ ತನ್ನ ತಟ್ಟೆಯ ರಾಜ್ಮಾದಂಥ ಕೆಂಪು ಕಾಳಿನ ಸಾರು, ಅನ್ನ, ಜೊತೆಗೆ ಅರೆಪಾ ಎಂಬ ಮುಸುಕಿನ ಜೋಳದ ದಪ್ಪ ರೊಟ್ಟಿಯನ್ನು ನನ್ನ ಕಡೆ ತಳ್ಳಿದಳು. ಮುಂದಿನ ವರ್ಷ ನಾನು ಶೇಂಗಾ ಚಟ್ನಿಪುಡಿ ಒಯ್ದೆ. ಅರೆಪಾದ ಮೇಲೆ ಬೆಣ್ಣೆ ಸವರಿ ಚಟ್ನಿಪುಡಿ ಉದುರಿಸಿ ತಿಂದ ಅವಳ ಕಣ್ಣಲ್ಲಿ ನೀರು ಬಂತು, ಆದರೂ ಕೈ ನಿಲ್ಲಲಿಲ್ಲ. ನನ್ನನ್ನು ಅವಳು ಹೆಸರು ಹಿಡಿದು ಕರೆದದ್ದು ಆ ದಿನವೇ. ಶೈಲಾ ಎಂಬುದನ್ನು 'ಚೈಲಾ' ಎನ್ನುತ್ತಿದ್ದಳು, ಶಕಾರ ಅವಳಿಗೆ ಬಲು ಭಾರ.

ಹೀಗೆ ಏಳೆಂಟು ವರ್ಷ ನಡೆಯಿತು. ವರ್ಷಕ್ಕೆ ಮೂರು ದಿನದ ಸ್ನೇಹ; ಕೂಡಿಸಿದರೆ ಒಂದು ತಿಂಗಳೂ ಆಗಲಾರದು. ಆದರೆ ಆ ಮೂರು ದಿನಗಳಲ್ಲಿ ನಾನು ಕಲಿತ ಸ್ಪ್ಯಾನಿಷ್ ಯಾವ ಕ್ಲಾಸಿನಲ್ಲೂ ಸಿಗಲಿಲ್ಲ. ಸಂಬಳ ಕೊಡುವುದಕ್ಕೆ ಅವರು 'ಪಗಾರ್' ಎನ್ನುತ್ತಾರೆಂದು ತಿಳಿದಾಗ ನಾನು ಕುರ್ಚಿಯಿಂದ ಎದ್ದೇ ನಿಂತೆ. ನಮ್ಮಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಮಗ್ಗದ ಮೇಸ್ತ್ರಿ. ಪ್ರತಿ ತಿಂಗಳ ಏಳನೇ ತಾರೀಕು ನಮ್ಮ ಓಣಿಗೆ ಓಣಿಯೇ 'ಪಗಾರ ಆತಾ' ಎಂದು ಒಬ್ಬರನ್ನೊಬ್ಬರು ಕೇಳುತ್ತಿತ್ತು. ಯಾವ ಹಡಗಿನವರು ಹೊತ್ತು ತಂದು ಗೋವೆಯಲ್ಲಿ ಇಳಿಸಿದ ಮಾತೋ, ಘಟ್ಟ ಹತ್ತಿ ನಮ್ಮ ಗಿರಣಿಯ ಗೇಟಿಗೆ ಬಂದು ನಿಂತಿತ್ತು. ಅದರ ಅಕ್ಕತಂಗಿ ಇಲ್ಲಿ ಈ ಬೆಟ್ಟದ ಮೇಲೆ. ಮಾರ್ತಾಳಿಗೆ ಹೇಳಿದೆ. ಕೊಡುವವರ ಮಾತು ಬೇಗ ಪ್ರಯಾಣ ಮಾಡುತ್ತದೆ, ಕೊಡುವುದು ಮಾತ್ರ ತಡವಾಗಿ ಬರುತ್ತದೆ ಎಂದು ಅವಳು ಅಂದಳು.

ಎರಡು ವರ್ಷದ ಹಿಂದಿನ ಭೇಟಿ ಗುರುವಾರವೊಂದರಲ್ಲಿ ಮುಗಿಯುವುದಿತ್ತು. ಮಧ್ಯಾಹ್ನ ಎರಡು ಗಂಟೆಗೆ ನಾನು ಯಂತ್ರದ ಪಕ್ಕ ತೂಗುಹಾಕಿದ್ದ ದಾಖಲೆಯ ಹಾಳೆ ತೆಗೆದು ನೋಡಿದೆ. ಪ್ಲಾಸ್ಟಿಕ್ ಕರಗಿಸುವ ಶಾಖವನ್ನು ಎರಡು ತಾಸಿಗೊಮ್ಮೆ ನೋಡಿ ಬರೆಯಬೇಕಾದ ಹಾಳೆ ಅದು. ಎರಡು ಗಂಟೆಯದು ಬರೆದಿತ್ತು. ನಾಲ್ಕು ಗಂಟೆಯದೂ ಬರೆದಿತ್ತು. ಆರು ಗಂಟೆಯದೂ. ಇನ್ನೂ ಹುಟ್ಟದ ಹೊತ್ತುಗಳ ಶಾಖ ಅಚ್ಚುಕಟ್ಟಾಗಿ ಮಾರ್ತಾಳ ಅಕ್ಷರದಲ್ಲಿ ಕುಳಿತಿತ್ತು, ಕೆಳಗೆ ಅವಳ ಸಹಿ. ಹಿಂದಿನ ಗುರುವಾರಗಳ ಹಾಳೆಗಳನ್ನು ತರಿಸಿದೆ. ಅವುಗಳಲ್ಲೂ ಎರಡರಿಂದ ಆರರ ಸಾಲು ಒಂದೇ ಶಾಯಿ, ಒಂದೇ ಉಸಿರು.

ಮಾರ್ತಾ ಏನನ್ನೂ ಮುಚ್ಚಿಡಲಿಲ್ಲ. ಗಂಡ ಎರ್ನಾನನಿಗೆ ಪಾರ್ಶ್ವವಾಯು ಬಡಿದು ಒಂದು ವರ್ಷವಾಗಿತ್ತು. ಗುರುವಾರ ಮೂರು ಗಂಟೆಯ ಬಸ್ಸಿನಲ್ಲಿ ಅವನನ್ನು ದೊಡ್ಡ ಊರಿನ ಆಸ್ಪತ್ರೆಗೆ ವ್ಯಾಯಾಮಕ್ಕೆ ಕರೆದೊಯ್ಯಬೇಕು. ಮಾಲೀಕ ರಜೆ ಕೊಡಲಿಲ್ಲ. ಸಹಿ ಹಾಕುವ ಅಧಿಕಾರ ಇನ್ನೊಬ್ಬರಿಗೆ ಕೊಡಿ ಎಂದರೆ ಅದನ್ನೂ ಮಾಡಲಿಲ್ಲ. ಯಂತ್ರದ ಮುಂದೆ ನಿಲ್ಲುವವರಿಗೆ ಕಣ್ಣಿಟ್ಟಿರಲು ಹೇಳಿ, ಅವಳು ಮುಂಚಿತವಾಗಿ ಬರೆದಿಟ್ಟು ಹೋಗುತ್ತಿದ್ದಳು. ನಾನು ಆ ಗುರುವಾರಗಳ ಪೆಟ್ಟಿಗೆಗಳನ್ನು ಬಿಚ್ಚಿಸಿ, ಸಂಜೆಯವರೆಗೆ ಮುಚ್ಚಳಗಳನ್ನು ಒತ್ತಿ, ತಿರುಗಿಸಿ, ಎತ್ತಿಹಾಕಿ ನೋಡಿದೆ. ಒಂದೂ ಸೋಲಲಿಲ್ಲ.

ಮಾರ್ತಾ ಆ ದಿನ ಬಸ್ಸಿಗೆ ಹೋಗದೆ ಪಕ್ಕದಲ್ಲೇ ನಿಂತಿದ್ದಳು. ಕೊನೆಯಲ್ಲಿ ಹೇಳಿದಳು: "ಕಂಡಿದ್ದನ್ನ ಬರೀರಿ, ಚೈಲಾ. ಮುಚ್ಚಳ ಚೆನ್ನಾಗಿತ್ತು ಅಂತಾನೂ ಬರೀರಿ."

ಬರೆಯಬೇಡಿ ಎಂದು ಬೇಡಿಕೊಂಡಿದ್ದರೆ ನನಗೆ ಸುಲಭವಿತ್ತು. ಬೇಡುವವರಿಗೆ ಇಲ್ಲವೆನ್ನುವುದು ನನ್ನ ಕಸುಬು. ಆ ನಿಯಮ ಸುಮ್ಮನೆ ಇಟ್ಟದ್ದಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಶಾಖ ಸ್ವಲ್ಪ ಏರಿಳಿದರೆ ಮುಚ್ಚಳ ಸಡಿಲಾಗುತ್ತದೆ. ಸಡಿಲಾದ ಮುಚ್ಚಳವನ್ನು ಯಾವುದೋ ಮನೆಯ ಕೂಸು ಒಂದು ದಿನ ತೆರೆದುಬಿಡುತ್ತದೆ. ನಾನು ಬರೆದೆ. ನಮ್ಮ ವರದಿಯಲ್ಲಿ ತಪ್ಪಿಗೆ ಕಾಲಂ ಇದೆ, ತಪ್ಪಿನ ದರ್ಜೆಗೆ ಇದೆ, ಸರಿಪಡಿಸಬೇಕಾದ ಗಡುವಿಗೂ ಇದೆ. ಮುಚ್ಚಳ ಚೆನ್ನಾಗಿತ್ತು ಎಂಬ ಮಾತಿಗೆ ಎಲ್ಲೂ ಜಾಗವಿರಲಿಲ್ಲ. ಕೊನೆಯ ಪುಟದ ಅಂಚಿನಲ್ಲಿ ಬರೆದೆ.

ನನ್ನ ಮ್ಯಾನೇಜರ್ ಸುಧೀಂದ್ರ ಮೈಸೂರಿನವರು, ಕೆಟ್ಟವರಲ್ಲ. ಸಂಕ್ರಾಂತಿಗೆ ಎಳ್ಳುಬೆಲ್ಲ ಡಬ್ಬಿಯಲ್ಲಿ ತಂದು ಹಂಚುವ ಮನುಷ್ಯ. ಅವರು ನನ್ನನ್ನು ರೂಮಿಗೆ ಕರೆದು ಬಾಗಿಲು ಹಾಕಿದರು.

"ಶೈಲಾ, ಇದೊಂದು ಲೈನ್ ತೆಗೀತೀನಿ. ರಿಪೋರ್ಟಲ್ಲಿ ಫೈಂಡಿಂಗ್ಸ್ ಇದ್ರೆ ಸಾಕು. ಅದಕ್ಕೆ ಕಾಲಮ್ಮೇ ಇಲ್ವಲ್ಲ, ಎಲ್ಲಿ ಹಾಕೋದು?"

ನಾನು ಎರ್ನಾನನ ವಿಷಯ, ರಜೆ ಕೊಡದ ಮಾಲೀಕನ ವಿಷಯ ಹೇಳಿದೆ. ತಾವು ಅದನ್ನೆಲ್ಲ ಕೇಳಿಸಿಕೊಂಡರೆ ನಾಳೆ ಪ್ರತಿಯೊಂದು ಕಾರ್ಖಾನೆಯ ಪ್ರತಿಯೊಬ್ಬ ಗಂಡನ ಕಾಯಿಲೆಯನ್ನೂ ಕೇಳಬೇಕಾಗುತ್ತದೆ ಎಂದರು. ಅದೂ ನಿಜವೇ. ನಿಜಗಳು ಹೀಗೆ ಒಂದರ ಎದುರು ಒಂದು ಕೋಡು ಕೊಟ್ಟು ನಿಂತಾಗ ಮನುಷ್ಯನಿಗೆ ನಿದ್ದೆಯೊಂದೇ ಬೇಕೆನ್ನಿಸುತ್ತದೆ, ಅದು ಮಾತ್ರ ಬರುವುದಿಲ್ಲ. ಆಮೇಲೆ ತಿಳಿದದ್ದೇನೆಂದರೆ ಕಂಪನಿ ಆ ಮುಚ್ಚಳಗಳನ್ನು ಬೇರೆ ಕಡೆ ಅಗ್ಗಕ್ಕೆ ಮಾಡಿಸಲು ವರ್ಷದಿಂದ ಹೊಂಚುತ್ತಿತ್ತು. ನನ್ನ ವರದಿ ಅವರಿಗೆ ಬೇಕಾಗಿದ್ದ ಬಾಗಿಲಾಯಿತು. ನಾಲ್ಕು ತಿಂಗಳಲ್ಲಿ ಒಪ್ಪಂದ ಮುರಿಯಿತು, ಕಾರ್ಖಾನೆಯ ಅರ್ಧ ಯಂತ್ರಗಳು ನಿಂತವು. ಮೊದಲು ಮನೆಗೆ ಹೋದವಳು ಮಾರ್ತಾ.

ನಮ್ಮೂರ ಗಿರಣಿ ಮುಚ್ಚಿದಾಗ ನನಗೆ ಹನ್ನೆರಡು ವರ್ಷ. ಮುಚ್ಚುವ ಮುಂಚೆ ಮುಂಬೈಯಿಂದ ಸೂಟು ಹಾಕಿಕೊಂಡವನೊಬ್ಬ ಬಂದಿದ್ದ. ಎರಡು ದಿನ ಇದ್ದು, ಮಗ್ಗಗಳ ನಡುವೆ ಓಡಾಡಿ, ಪುಸ್ತಕದಲ್ಲಿ ಏನೇನೋ ಬರೆದುಕೊಂಡು, ಬೆಣ್ಣೆದೋಸೆ ತಿಂದು ಹೊಗಳಿ ಹೋದ. ಗೇಟಿಗೆ ಬೀಗ ಬಿದ್ದ ಮೇಲೆ ಓಣಿಯ ಹೆಂಗಸರೆಲ್ಲ ಅವನ ವಂಶಕ್ಕೆ ಮಣ್ಣು ತೂರಿದರು. ನಾನೂ ಕೂಡಿಕೊಂಡೆ. ಅಪ್ಪ ಬೀಡಿ ಆರಿಸಿ ನನ್ನನ್ನು ಕರೆದ. "ಅವನ್ನ ಯಾಕವ್ವ ಬೈತಿ? ಅವನೂ ಪಗಾರಕ್ಕೆ ಬಂದೋನು." ಆ ಮಾತಿನಿಂದ ನನಗೆ ಆಗ ಸಿಟ್ಟು ಬಂದಿತ್ತು. ಈಗ ಹ್ಯಾರಿಸನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೆನೆಸಿಕೊಂಡರೆ ನಾಚಿಕೆ ಬರುತ್ತದೆ. ಅಪ್ಪ ಅಷ್ಟು ಸಲೀಸಾಗಿ ಕ್ಷಮಿಸಿದ ಆ ಮನುಷ್ಯನ ಜಾಗದಲ್ಲಿ ಮುಂದೆ ಅಪ್ಪನ ಮಗಳೇ ನಿಲ್ಲುವವಳಿದ್ದಳು.

ಮಾರ್ತಾಳಿಗೆ ವಾಟ್ಸ್ಯಾಪಿನಲ್ಲಿ ಮೂರು ಸಲ ಬರೆದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಕಳೆದ ಮಾರ್ಚ್ ತಿಂಗಳಲ್ಲಿ ಐದು ದಿನ ರಜೆ ಹಾಕಿ, ನನ್ನದೇ ಟಿಕೆಟ್ಟಿನಲ್ಲಿ ಹೊರಟೆ. ಅನಘಾ ನನ್ನ ಸೂಟ್‌ಕೇಸ್ ನೋಡಿ, "ವಾಟ್ ಆರ್ ಯೂ ಈವನ್ ಗೋಯಿಂಗ್ ಟು ಸೇ ಟು ಹರ್?" ಎಂದು ಕೇಳಿದಳು. ಗೊತ್ತಿಲ್ಲ ಕಣೇ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ. ನ್ಯೂಅರ್ಕಿನಿಂದ ಬೊಗೊಟಾ, ಅಲ್ಲಿಂದ ಸಣ್ಣ ವಿಮಾನ, ಆಮೇಲೆ ಮೂರು ತಾಸು ಬಸ್ಸು. ಹಿಂದೆಲ್ಲ ಕಾರ್ಖಾನೆಯ ಕಾರು ಬಂದು ಕಾಯುತ್ತಿತ್ತು. ಆ ಸಲ ತಿರುವು ತಿರುವಿಗೂ ಮುಂದಿನ ಸೀಟಿನ ಕಂಬಿ ಹಿಡಿದು, ಕೋಳಿಬುಟ್ಟಿ ಹಿಡಿದವಳೊಬ್ಬಳ ಪಕ್ಕ ಕುಳಿತು, ನಾನು ಆ ದೇಶವನ್ನು ಮೊದಲ ಬಾರಿಗೆ ಅಲ್ಲಿಯವರು ತೆರುವ ಬೆಲೆಗೇ ನೋಡಿದೆ.

ಮಾರ್ತಾ ಮನೆಯ ಮುಂದಿನ ಕಿಟಕಿಯಲ್ಲಿ ಅರೆಪಾ ಮಾರುತ್ತಿದ್ದಳು. ನನ್ನನ್ನು ಕಂಡು ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ತಟ್ಟುವುದು ನಿಲ್ಲಿಸಲಿಲ್ಲ. ಮುಂದೆ ನಿಂತಿದ್ದ ಗಿರಾಕಿಗಳೆಲ್ಲ ಹೋಗುವವರೆಗೆ ನನ್ನನ್ನು ಹೊರಗೇ ನಿಲ್ಲಿಸಿ, ಆಮೇಲೆ ಬಾಗಿಲು ತೆರೆದಳು. ಒಳಗೆ ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿ ಎರ್ನಾನ. ನನಗೆ ಕುರ್ಚಿ ಕೊಡಲಿಲ್ಲ. ಬೇಯಿಸಿದ ಜೋಳದ ಪಾತ್ರೆಯನ್ನೂ ಅರೆಯುವ ಯಂತ್ರದ ಹಿಡಿಯನ್ನೂ ತೋರಿಸಿದಳು. ಒಂದು ತಾಸು ನಾನು ಅರೆದೆ. ರಟ್ಟೆ ಸೋತು ನಿಂತಾಗ ಅವಳೇ ಹಿಡಿ ಹಿಡಿದಳು.

ಕ್ಷಮಿಸಿ ಎಂದೆ, ನನ್ನ ಒಡಕು ಸ್ಪ್ಯಾನಿಷಿನಲ್ಲಿ. ಆ ಸಾಲನ್ನು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ.

ಅವಳು ಅರೆಯುತ್ತಲೇ ನಿಧಾನವಾಗಿ, ನನಗೆ ಅರ್ಥವಾಗಲೆಂದು ಒಂದೊಂದೇ ಪದ ಬಿಡಿಸಿ ಹೇಳಿದಳು: "ನೀವು ಮಾಡಿದ್ದು ಸರಿ. ನನ್ನ ಕೆಲಸ ಹೋಯಿತು. ಎರಡೂ ನಿಜ. ನಿಮಗೆ ನಿದ್ದೆ ಬರಲಿ ಅಂತ ನಾನು ಅದರಲ್ಲಿ ಒಂದನ್ನ ಅಳಿಸೋಕಾಗಲ್ಲ."

ಗಾಲಿಕುರ್ಚಿಯಿಂದ ಎರ್ನಾನ ಏನೋ ಗೊಣಗಿದ. ಅವನಿಗೆ ಹಸಿವಾಗಿದೆ, ನಿಮಗೂ ಆಗಿರಬೇಕು ಎಂದು ಮಾರ್ತಾ ತಟ್ಟೆ ತೆಗೆದಳು.

ಊಟವಾದ ಮೇಲೆ ಅವಳು ತಾನಾಗಿಯೇ ಒಂದು ಕೆಲಸ ಹೇಳಿದಳು. ಪಕ್ಕದ ಊರಿನಲ್ಲಿ ಮೊಸರಿನ ಕಾರ್ಖಾನೆ ಇದೆ, ಪರೀಕ್ಷಕಿಯ ಜಾಗ ಖಾಲಿ ಇದೆ. ತನ್ನ ಕೆಲಸ ಬಲ್ಲವರ ಪತ್ರವೊಂದು ಬೇಕು. ಕಂಪನಿಯ ಹೆಸರಿನಲ್ಲಿ ನಾನು ಹಾಗೆ ಬರೆಯುವಂತಿಲ್ಲ. ಹೇಳಿದೆ. "ಕಂಪನಿಯನ್ನ ಯಾರು ಕೇಳಿದರು?" ಎಂದಳು. ನನ್ನ ಹೆಸರು, ಹ್ಯಾರಿಸನ್ನಿನ ಮನೆಯ ವಿಳಾಸ ಹಾಕಿ, ಬಿಳಿ ಹಾಳೆಯ ಮೇಲೆ ನನಗೆ ಬರುವ ಸ್ಪ್ಯಾನಿಷಿನಲ್ಲೇ ಕೈಯಾರೆ ಬರೆದೆ. ಇಷ್ಟು ವರ್ಷ ಇವಳ ಕೆಲಸ ನೋಡಿದ್ದೇನೆ; ಇವಳು ಕಳಿಸಿದ ಮುಚ್ಚಳಗಳಲ್ಲಿ ನಾನು ತಪ್ಪು ಹುಡುಕಿ ಸೋತಿದ್ದೇನೆ; ಇವಳು ದಾಖಲೆಯಲ್ಲಿ ಒಂದು ತಪ್ಪು ಮಾಡಿದಳು, ಕೇಳಿದಾಗ ಒಂದು ಸುಳ್ಳನ್ನೂ ಹೇಳಲಿಲ್ಲ. ತಪ್ಪಿನ ವಿಷಯ ಬರೆಯಲೇ ಎಂದು ಪೆನ್ನು ಎತ್ತಿ ಕೇಳಿದ್ದೆ. ಬರೆಯದಿದ್ದರೆ ಮಿಕ್ಕದ್ದನ್ನು ಯಾರು ನಂಬುತ್ತಾರೆ ಎಂದಳು. ಆಮೇಲೆ ಕನ್ನಡಕ ಹಾಕಿಕೊಂಡು, ತನ್ನದೇ ಪ್ರಶಂಸಾಪತ್ರದ ಕಾಗುಣಿತವನ್ನು ಸಾಲುಸಾಲಾಗಿ ತಿದ್ದಿ, ಮತ್ತೊಮ್ಮೆ ಚೆಂದವಾಗಿ ಬರೆಯಿರಿ ಎಂದು ಹೊಸ ಹಾಳೆ ಮುಂದಿಟ್ಟಳು.

ಆ ಪತ್ರದಿಂದ ಕೆಲಸ ಸಿಕ್ಕಿತೇ ಎಂದು ನೀವು ಕೇಳಬಹುದು. ಕೆಲಸವೇನೋ ಸಿಕ್ಕಿತು, ವಾರಕ್ಕೆ ಮೂರು ದಿನದ್ದು, ಮೊದಲಿಗಿಂತ ಕಡಿಮೆ ಪಗಾರಕ್ಕೆ. ಆದರೆ ಮೊಸರಿನವರು ಪತ್ರವನ್ನು ಓದಲಿಲ್ಲವಂತೆ. ನಾಳೆಯಿಂದಲೇ ಬರಬಲ್ಲಿರಾ ಎಂದಷ್ಟೇ ಕೇಳಿದರಂತೆ. ನಾನೂ ನನ್ನ ಕೆಲಸ ಬಿಟ್ಟಿಲ್ಲ. ಬಿಡುವಷ್ಟು ಧೈರ್ಯವೂ ಇಲ್ಲ, ಅನುಕೂಲವೂ ಇಲ್ಲ. ವರದಿಯ ಕೊನೆಯ ಪುಟದ ಅಂಚಿನಲ್ಲಿ, ಚೆನ್ನಾಗಿದ್ದದ್ದು ಏನು ಎಂದು ಒಂದು ಸಾಲು ಬರೆಯುತ್ತೇನೆ. ಸುಧೀಂದ್ರ ಅದನ್ನು ಅಳಿಸುತ್ತಾರೆ. ಮುಂದಿನ ವರದಿಯಲ್ಲಿ ಮತ್ತೆ ಬರೆಯುತ್ತೇನೆ. ಇಬ್ಬರಿಗೂ ಈಗ ಅದರ ಬಗ್ಗೆ ಮಾತಾಡಲು ಸುಸ್ತು.

ಪತ್ರ ಬರೆದ ಆ ದಿನ ಮೂರು ಗಂಟೆಯ ಬಸ್ಸಿಗೆ ಮಾರ್ತಾ ನನ್ನನ್ನು ಚೌಕದವರೆಗೆ ಕಳಿಸಲು ಬಂದಳು. ಎರ್ನಾನನ ಹತ್ತಿರ ಪಕ್ಕದ ಮನೆಯವಳು ಕುಳಿತಿದ್ದಳು. ಬಸ್ಸು ತಡವಾಗಿತ್ತು. ಅಂಗಡಿಯ ತಗಡಿನ ನೆರಳಿನಲ್ಲಿ ಒಂದು ಬೆಂಚು, ಇಬ್ಬರೂ ಕುಳಿತೆವು. ಮಾತು ಮುಗಿದಿತ್ತು. ನನಗೆ ಗೊತ್ತಿದ್ದ ಸ್ಪ್ಯಾನಿಷೂ ಮುಗಿದಿತ್ತು. ಎದುರಿನ ಮೆಟ್ಟಿಲ ಮೇಲೆ ಇಬ್ಬರು ಮುದುಕರು ಒಂದೇ ಪತ್ರಿಕೆಯನ್ನು ಹಂಚಿಕೊಂಡು ಓದುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ನನ್ನ ಭುಜದ ಮೇಲೆ ಭಾರವೆನಿಸಿತು. ಎರ್ನಾನನನ್ನು ಮಗ್ಗುಲು ಬದಲಿಸಲು ರಾತ್ರಿಗೆ ನಾಲ್ಕು ಸಲ ಏಳುತ್ತೇನೆ ಎಂದು ಊಟದ ಹೊತ್ತಿನಲ್ಲಿ ಹೇಳಿದ್ದಳು. ಬಾಯಿ ಅರ್ಧ ತೆರೆದು, ಹಿಟ್ಟಂಟಿದ ಕೈಗಳನ್ನು ಮಡಿಲಲ್ಲಿ ಚೆಲ್ಲಿ, ಮಾರ್ತಾ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

ಬಸ್ಸು ಬಂತು. ಹತ್ತುವವರು ಹತ್ತಿದರು. ಡ್ರೈವರ್ ನನ್ನ ಸೂಟ್‌ಕೇಸನ್ನೂ ನನ್ನನ್ನೂ ನೋಡುತ್ತ ಬಾಗಿಲು ತೆರೆದುಕೊಂಡೇ ಕಾಯುತ್ತಿದ್ದ. ಮುಂದಿನ ಬಸ್ಸು ಐದು ಗಂಟೆಗೆ. ಭುಜ ಅಲುಗದಂತೆ ಇನ್ನೊಂದು ಕೈ ಎತ್ತಿ, ಹೋಗಿ ಎಂದು ಸನ್ನೆ ಮಾಡಿದೆ.